ಬೆಟ್ಟದ ಗಾಳಿಯೊಂದೇ ಸಾಲದು

೧೯೨೭ನೆಯ ಇಸವಿಯ ಬೇಸಗೆಯಲ್ಲಿ ಮಹಾತ್ಮ ಗಾಂಧಿಯವರು, ಅವಿಶ್ರಾಂತ ಪ್ರವಾಸದಿಂದ ದೇಹವು ಬಳಲಿದುದರಿಂದ, ವಿಶ್ರಾಂತಿಗಾಗಿ ನಂದಿಬೆಟ್ಟಕ್ಕೆ ಬಂದು ತಂಗಿದ್ದರು. ಅವರು ಚೇತರಿಸಿಕೊಂಡುದು ತಂಗಾಳಿಯೊಂದರಿಂದಲೇ ಎಂದರೆ ಅರ್ಧ ಮಾತಾದೀತು. ಸೋಮವಾರದ ಮೌನವು ಅವರನ್ನು ತಮ್ಮೊಡನೆಯೂ, ಪ್ರಾರ್ಥನೆಯು ಸಂಗಡಿಗರೊಡನೆಯೂ, ರಾಟೆಯ ನೂಲು ದೇಶದ ಬಡವರೊಡನೆಯೂ ಬೆಸೆದಿದ್ದಿತು.

ಇಂದು ನಮ್ಮ ಪಟ್ಟಣಿಗರು ಅದೇ ಬೆಟ್ಟವನ್ನು ಭಾನುವಾರ ಭಾನುವಾರ ಮೋಟಾರಿನಲ್ಲಿ ಏರುತ್ತಾರೆ. ಕೈಯಲ್ಲಿ ಮೊಬೈಲು, ಮನಸ್ಸಿನಲ್ಲಿ ಕಚೇರಿ. ಪಕ್ಕದಲ್ಲಿರುವ ಮಕ್ಕಳೊಡನೆ ಮಾತಿಲ್ಲ. ಗಾಳಿಯೇನೋ ಅದೇ, ನೆಮ್ಮದಿ ಮಾತ್ರ ಬಾರದು! ನಾವೂ ಈ ದೋಷಕ್ಕೆ ಹೊರತಲ್ಲ.

ಬೆಟ್ಟವನ್ನೇರಲಾಗದವರು ಕೊರಗಬೇಕಾಗಿಲ್ಲ. ದಿನಕ್ಕೆ ಅರ್ಧ ಗಳಿಗೆಯ ಮೌನ, ನೆರೆಯವರ ಕ್ಷೇಮವಿಚಾರಣೆ, ಬೀದಿಯ ಮರಕ್ಕೊಂದು ಕೊಡ ನೀರು—ಇವಕ್ಕೆ ಸರ್ಕಾರದ ಅಪ್ಪಣೆಯೂ ಬೇಡ, ವೈದ್ಯರ ಚೀಟಿಯೂ ಬೇಡ.