ಹಿಮೋಫಿಲಿಯಾ ಇರುವ ಮಕ್ಕಳ ಒಳರಕ್ತಸ್ರಾವ: ಮೊದಲು ಫ್ಯಾಕ್ಟರ್, ನಂತರ ಸ್ಕ್ಯಾನಿಂಗ್

ಉಡುಪಿ: ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ ಎಂಬ ಅಂಶ ಹುಟ್ಟಿನಿಂದಲೇ ಕಡಿಮೆ ಇರುವುದನ್ನು ಹಿಮೋಫಿಲಿಯಾ ಎನ್ನುತ್ತಾರೆ. 8ನೇ ಫ್ಯಾಕ್ಟರ್ ಕಡಿಮೆಯಿದ್ದರೆ ‘ಎ’ ವಿಧ, 9ನೆಯದು ಕಡಿಮೆಯಿದ್ದರೆ ‘ಬಿ’ ವಿಧ. ‘ಎ’ ವಿಧವು ಹುಟ್ಟುವ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಗಾಯದ ರಕ್ತ ಕಣ್ಣಿಗೆ ಕಾಣುತ್ತದೆ, ಮೊಣಕಾಲು ಊದಿದರೂ ಮನೆಯವರಿಗೆ ತಿಳಿಯುತ್ತದೆ. ಆದರೆ ಹೊಟ್ಟೆಯ ಹಿಂಭಾಗದ ಸ್ನಾಯುವಿನಲ್ಲಿ ಅಥವಾ ತಲೆಯೊಳಗೆ ಆಗುವ ರಕ್ತಸ್ರಾವ ಹೊರಗೆ ಕಾಣುವುದಿಲ್ಲ. ಸ್ಕ್ಯಾನಿಂಗ್ ಬೇಕಾಗುವುದು ಅಂಥಲ್ಲಿ.

ಅಪೆಂಡಿಕ್ಸ್‌ನಂತೆ ತೋರುವ ನೋವು

ಬೆನ್ನುಮೂಳೆಯಿಂದ ತೊಡೆಯವರೆಗೆ ಸೋವಾಸ್ ಎಂಬ ಸ್ನಾಯು ಇದೆ. ಆಟವಾಡಿದಾಗ, ಜಾರಿದಾಗ, ಕೆಲವೊಮ್ಮೆ ಕಾರಣವೇ ಇಲ್ಲದೆ ಅದರೊಳಗೆ ರಕ್ತ ತುಂಬಿಕೊಳ್ಳುತ್ತದೆ. ಕೆಳಹೊಟ್ಟೆ ಮತ್ತು ತೊಡೆಸಂದಿನಲ್ಲಿ ನೋವು ಬರುತ್ತದೆ. ಹುಡುಗ ಕಾಲು ಮಡಚಿಯೇ ಮಲಗುತ್ತಾನೆ, ನೀಡಲು ಆಗುವುದಿಲ್ಲ. ತೊಡೆಯ ಮುಂಭಾಗ ಜೋಮು ಹಿಡಿಯಬಹುದು. ಬಲಗಡೆ ಆದರೆ ಅಪೆಂಡಿಕ್ಸ್ ಎಂದೇ ತೋರುತ್ತದೆ. ಹಾಗೆಂದು ಫ್ಯಾಕ್ಟರ್ ಕೊಡದೆ ಆಪರೇಷನ್ ಮಾಡಿದರೆ ಜೀವಕ್ಕೇ ಅಪಾಯ. ನಿಜವಾದ ಅಪೆಂಡಿಕ್ಸ್ ತೊಂದರೆಯೂ ಇರಬಹುದಾದ್ದರಿಂದ ಸ್ಕ್ಯಾನಿಂಗ್ ಮಾಡಿಯೇ ನಿರ್ಧರಿಸಬೇಕು.

ಯಾವ ಸ್ಕ್ಯಾನಿಂಗ್ ಯಾವುದಕ್ಕೆ?

ಅಲ್ಟ್ರಾಸೌಂಡ್: ಸಾಮಾನ್ಯವಾಗಿ ಮೊದಲು ಮಾಡುವುದು ಇದನ್ನೇ. ವಿಕಿರಣ ಇಲ್ಲ, ಖರ್ಚು ಕಡಿಮೆ. ಸ್ನಾಯುವಿನಲ್ಲಿ, ಗಂಟುಗಳಲ್ಲಿ ರಕ್ತ ನಿಂತಿದೆಯೇ ಎಂದು ನೋಡಬಹುದು. ಕೆಲವು ದಿನ ಬಿಟ್ಟು ಮತ್ತೆ ಮಾಡಿ ಕರಗುತ್ತಿದೆಯೇ ಎಂದು ತಿಳಿಯಬಹುದು.

ಸಿ.ಟಿ. ಸ್ಕ್ಯಾನ್: ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ತಲೆಗೆ ಪೆಟ್ಟಾದಾಗ ತುರ್ತಾಗಿ ಮಾಡುವುದು ಇದನ್ನು. ವಿಕಿರಣ ಇರುವುದರಿಂದ ಮಕ್ಕಳಿಗೆ ಅಗತ್ಯವಿದ್ದರೆ ಮಾತ್ರ.

ಎಂ.ಆರ್.ಐ.: ಸ್ನಾಯು, ಗಂಟು, ಬೆನ್ನುಹುರಿಯ ವಿವರ ಸ್ಪಷ್ಟವಾಗಿ ಸಿಗುತ್ತದೆ. ವಿಕಿರಣ ಇಲ್ಲ, ಆದರೆ ಸಮಯ ಮತ್ತು ಖರ್ಚು ಹೆಚ್ಚು.

ಎಕ್ಸ್‌ರೇಯಲ್ಲಿ ಮೂಳೆಯ ಸವೆತ ಕಾಣುತ್ತದೆ. ಹೊಸ ರಕ್ತಸ್ರಾವ ಅದರಲ್ಲಿ ಸರಿಯಾಗಿ ತಿಳಿಯದು.

ಸರತಿಯಲ್ಲಿ ಕಾಯಬಾರದು

ಹೊಟ್ಟೆ, ತಲೆ, ಕುತ್ತಿಗೆ, ಬೆನ್ನುಹುರಿಯ ರಕ್ತಸ್ರಾವದ ಸಂಶಯ ಬಂದರೆ ಮೊದಲು ಫ್ಯಾಕ್ಟರ್ ಕೊಡಿಸಬೇಕು, ಸ್ಕ್ಯಾನಿಂಗ್ ಆಮೇಲೆ. ವರದಿಗಾಗಿ ಕಾಯುತ್ತ ಕೂತರೆ ಒಳಗೆ ರಕ್ತ ಸೋರುತ್ತಲೇ ಇರುತ್ತದೆ. ತಲೆಗೆ ಪೆಟ್ಟಾದ ಮಗು ಆ ದಿನ ಚೆನ್ನಾಗಿಯೇ ಆಡಿಕೊಂಡಿದ್ದು, ಕೆಲವು ದಿನದ ನಂತರ ವಾಂತಿ, ತಲೆನೋವು, ಮಂಪರು ಬರುವುದೂ ಉಂಟು.

ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಸಿ.ಟಿ., ಎಂ.ಆರ್.ಐ. ಮತ್ತು ರಕ್ತ ಪರೀಕ್ಷೆ ಒಂದೇ ಕಡೆ ಆಗುತ್ತದೆ. ಕಾಪು, ಕಾರ್ಕಳದ ಕಡೆಯಿಂದ ಹೊರಡುವವರು ಮನೆಯಲ್ಲಿ ಫ್ಯಾಕ್ಟರ್ ಇದ್ದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಹಾಕಿಸಿಕೊಂಡೇ ಹೊರಡುವುದು ಒಳ್ಳೆಯದು. ಇಲ್ಲದಿದ್ದರೆ ಎಲ್ಲಿ ದಾಸ್ತಾನು ಇದೆ ಎಂದು ಫೋನಿನಲ್ಲಿ ವಿಚಾರಿಸಿಕೊಳ್ಳಬೇಕು.

ಮನೆಯವರು ನೆನಪಿಡಬೇಕಾದದ್ದು

• ಹಿಮೋಫಿಲಿಯಾ ಕಾರ್ಡು ಹುಡುಗನ ಜೇಬಿನಲ್ಲೇ ಇರಲಿ. ಸ್ಕ್ಯಾನಿಂಗ್ ಕೋಣೆಯ ಸಿಬ್ಬಂದಿಗೂ ತೋರಿಸಿ.
• ಸ್ನಾಯುವಿಗೆ ಇಂಜೆಕ್ಷನ್ ಬೇಡ. ಆಸ್ಪಿರಿನ್ ಬೇಡ.
• ಊತವನ್ನು ಉಜ್ಜುವುದು, ಎಣ್ಣೆ ತಿಕ್ಕುವುದು ಬೇಡ.
• ನೋವು ಇಳಿಯಿತೆಂದು ಕೂಡಲೇ ಓಡಾಡಿಸಬೇಡಿ.

ಈ ತೊಂದರೆ ಹೆಚ್ಚಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ಅಳಿಯಸಂತಾನದ ತುಳುನಾಡಿನ ಜೈನ ಮನೆತನಗಳಲ್ಲಿ ಸೋದರಮಾವಂದಿರ ವಿಷಯ ಹಿರಿಯರಿಗೆ ಗೊತ್ತಿರುತ್ತದೆ. ಅವರಲ್ಲಿ ಯಾರಿಗಾದರೂ ಹಲ್ಲು ಕಿತ್ತಾಗ ರಕ್ತ ನಿಲ್ಲದೆ ಹೋಗಿದ್ದರೆ ವೈದ್ಯರಿಗೆ ಹೇಳಬೇಕು. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಸುಮಾರು ಮೂರನೇ ಒಂದು ಪಾಲು ಮಕ್ಕಳಲ್ಲಿ ಕುಟುಂಬದ ಹಿನ್ನೆಲೆಯೇ ಇರುವುದಿಲ್ಲ. ಸಂಬಂಧಕ್ಕೆ ತೊಡಕಾದೀತೆಂದು ಮುಚ್ಚಿಟ್ಟ ಮಾತು ಮುಂದೆ ಹುಡುಗನ ಪ್ರಾಣಕ್ಕೇ ತೊಡಕಾಗಬಾರದು.