ಶಿಖರ ಎತ್ತರವಿದ್ದರೆ ಸಾಲದು, ಗಾಳಿ ಎದುರಿರಬೇಕು

ಸಹ್ಯಾದ್ರಿಯಲ್ಲಿ ಪ್ಯಾರಾಗ್ಲೈಡಿಂಗ್ ತಾಣ ಆರಿಸುವ ಬಗೆ: ವಿಹಾರಕೂಟಕ್ಕೆ ಹೊರಡುವ ಸಂಘಗಳು ತಿಳಿದಿರಬೇಕಾದ ವಿಚಾರ

ಮುಂಬಯಿಯಿಂದ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಕಡೆಗೆ ಬಸ್ಸಿನಲ್ಲಿ ಪ್ರಯಾಣಿಸುವ ಕನ್ನಡಿಗರಿಗೆ ಎಕ್ಸ್‌ಪ್ರೆಸ್ ಹೆದ್ದಾರಿಯ ಕಾಮ್‌ಶೇತ್ ಸುರಂಗ ಹೊಸದಲ್ಲ. ಖಂಡಾಲ ಘಾಟಿ ಏರಿ, ಲೋನಾವಳ ದಾಟಿದ ಮೇಲೆ ಸಿಗುವ ಸುರಂಗವದು. ಮಳೆಗಾಲ ಮುಗಿದು ಅಕ್ಟೋಬರ್ ಬಂತೆಂದರೆ ಆ ಊರಿನ ಆಸುಪಾಸಿನ ಗುಡ್ಡಗಳ ಮೇಲೆ ಬಣ್ಣ ಬಣ್ಣದ ಬಟ್ಟೆಯ ರೆಕ್ಕೆಗಳು ತೇಲತೊಡಗುತ್ತವೆ. ಮೇ ತಿಂಗಳ ತನಕ ಈ ದೃಶ್ಯ ಸಾಮಾನ್ಯ. ಮುಂಬಯಿಯಿಂದ ರಸ್ತೆ ಮಾರ್ಗವಾಗಿ ಸುಮಾರು 110 ಕಿ.ಮೀ., ಪುಣೆಯಿಂದ ಸುಮಾರು 45 ಕಿ.ಮೀ. ದೂರದ ಈ ಮಾವಳ ಸೀಮೆ ಇಂದು ಪಶ್ಚಿಮ ಭಾರತದಲ್ಲಿ ಪ್ಯಾರಾಗ್ಲೈಡಿಂಗ್ ಕಲಿಕೆಯ ಪ್ರಮುಖ ಕೇಂದ್ರವಾಗಿದೆ.

ಇಲ್ಲೊಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ, 1,646 ಮೀಟರ್. ಹಾರುವುದೇ ಉದ್ದೇಶವಾದರೆ ಅಲ್ಲಿಗೆ ಹೋಗದೆ, ಹೆದ್ದಾರಿ ಪಕ್ಕದ ಸಾಧಾರಣ ಗುಡ್ಡಗಳನ್ನು ಶಾಲೆಗಳು ಏಕೆ ಆರಿಸಿಕೊಂಡವು?

ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಸಂಘ-ಸಂಸ್ಥೆಗಳ ಯುವ ವಿಭಾಗಗಳು ವಿಹಾರಕೂಟದ ಕಾರ್ಯಕ್ರಮ ಪಟ್ಟಿಯಲ್ಲಿ ಇಂಥ ಸಾಹಸ ಕ್ರೀಡೆ ಸೇರಿಸಲು ಉತ್ಸಾಹ ತೋರುವ ಕಾಲವಿದು. ಆದರೆ 2025ರ ಜನವರಿ 18ರಂದು ಗೋವಾದ ಉತ್ತರ ತುದಿಯ ಕೇರಿ ಎಂಬಲ್ಲಿ, ಕಡಲ ಸಮೀಪದ ಪ್ರಸ್ಥಭೂಮಿಯಿಂದ ಹಾರಿದ ಪ್ಯಾರಾಗ್ಲೈಡರ್ ಕಮರಿಗೆ ಬಿದ್ದು ಪ್ರವಾಸಿಯೊಬ್ಬರು ಮತ್ತು ಅವರನ್ನು ಹಾರಿಸುತ್ತಿದ್ದ ಪೈಲಟ್ ಇಬ್ಬರೂ ಮೃತಪಟ್ಟರು. ಪರವಾನಗಿ ಇಲ್ಲದೆ ಹಾರಾಟ ನಡೆಸಿದ ಆರೋಪದ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದರು. ಕುಟುಂಬ ಸಮೇತ ಹೊರಡುವ ಸದಸ್ಯರ ಹೊಣೆ ಹೊತ್ತವರು, ಹಾರುವ ಜಾಗ ಹೇಗಿರಬೇಕೆಂಬುದರ ಸ್ಥೂಲ ಅರಿವನ್ನಾದರೂ ಹೊಂದಿರುವುದು ಒಳ್ಳೆಯದು.

ದೋಣಿಯ ಆಟ ಬೇರೆ, ಇದು ಬೇರೆ

ಮಲ್ಪೆ, ಅಲಿಬಾಗ್ ಮುಂತಾದ ಕಡಲತೀರಗಳಲ್ಲಿ ಯಾಂತ್ರಿಕ ದೋಣಿಗೆ ಹಗ್ಗ ಕಟ್ಟಿ ಪ್ಯಾರಾಶೂಟಿನಲ್ಲಿ ಮೇಲೆತ್ತುವ ಆಟವನ್ನು ಹಲವರು ನೋಡಿದ್ದಾರೆ. ಅದು ಪ್ಯಾರಾಸೈಲಿಂಗ್. ಅಲ್ಲಿ ಎಳೆಯುವುದು ದೋಣಿ. ಪ್ಯಾರಾಗ್ಲೈಡಿಂಗಿನಲ್ಲಿ ಹಗ್ಗವೂ ಇಲ್ಲ, ಎಂಜಿನ್ನೂ ಇಲ್ಲ. ಬಟ್ಟೆಯ ರೆಕ್ಕೆಯನ್ನು ನೆಲದ ಮೇಲೆ ಹರಡಿ, ಎದುರು ಗಾಳಿಗೆ ಅದನ್ನು ತಲೆಯ ಮೇಲಕ್ಕೆ ಎಬ್ಬಿಸಿ, ಇಳಿಜಾರಿನಲ್ಲಿ ನಾಲ್ಕಾರು ಹೆಜ್ಜೆ ಓಡಿದರೆ ಕಾಲು ನೆಲ ಬಿಡುತ್ತದೆ. 1978ರಲ್ಲಿ ಫ್ರಾನ್ಸಿನ ಮಿಯೂಸ್ಸಿ ಎಂಬ ಊರಿನಲ್ಲಿ ಮೂವರು ಪ್ಯಾರಾಶೂಟ್ ಜಿಗಿತಗಾರರು, ವಿಮಾನದ ಖರ್ಚಿಲ್ಲದೆ ಜಿಗಿಯುವ ದಾರಿ ಹುಡುಕುತ್ತಾ ಬೆಟ್ಟದ ಇಳಿಜಾರಿನಿಂದಲೇ ಓಡಿ ಹಾರಿದರು. ಈ ಕ್ರೀಡೆ ಅಲ್ಲಿಂದ ಬೆಳೆಯಿತು.

ಹೀಗಾಗಿ ಇಲ್ಲಿ ಗಾಳಿಯೇ ಎಂಜಿನ್, ಗುಡ್ಡವೇ ರನ್‌ವೇ. ರೆಕ್ಕೆಯ ಸಾಮಾನ್ಯ ವೇಗ ಗಂಟೆಗೆ 36ರಿಂದ 40 ಕಿ.ಮೀ. ಹಾರಲು ಎದುರಿನಿಂದ 10ರಿಂದ 20 ಕಿ.ಮೀ. ವೇಗದ, ಒಂದೇ ಸಮನೆ ಬೀಸುವ ಗಾಳಿ ಹಿತಕರ. ಗಾಳಿ ಬೆನ್ನ ಹಿಂದಿನಿಂದ ಬಂದರೆ ಎಷ್ಟು ಓಡಿದರೂ ರೆಕ್ಕೆ ಸರಿಯಾಗಿ ಏಳದು. ಗಾಳಿಯ ವೇಗ ರೆಕ್ಕೆಯ ವೇಗವನ್ನು ಮುಟ್ಟಿದರೆ ಮುಂದೆ ಸಾಗುವುದೇ ನಿಂತು, ಪೈಲಟ್ ಗುಡ್ಡದ ಹಿಂಬದಿಗೆ ತಳ್ಳಲ್ಪಡುವ ಅಪಾಯವಿದೆ. ಆದ್ದರಿಂದ ತಾಣ ಹುಡುಕುವವರು ಮೊದಲು ನೋಡುವುದು ಗುಡ್ಡದ ಎತ್ತರವನ್ನಲ್ಲ, ಅದರ ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು.

ಕಡಲಗಾಳಿಯ ಲೆಕ್ಕಾಚಾರ

ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಕಡಲಗಾಳಿ, ನೆಲಗಾಳಿಗಳ ಪಾಠ ಹೇಳಬೇಕಾಗಿಲ್ಲ. ಹಾಯಿ ದೋಣಿಗಳ ಕಾಲದಲ್ಲಿ ಮೀನುಗಾರರು ನಸುಕಿನ ನೆಲಗಾಳಿಗೆ ಕಡಲಿಗಿಳಿದು, ಮಧ್ಯಾಹ್ನದ ಕಡಲಗಾಳಿಗೆ ದಡ ಸೇರುತ್ತಿದ್ದರು. ಹಗಲು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಏಳುತ್ತದೆ, ಆ ಜಾಗ ತುಂಬಲು ಸಮುದ್ರದಿಂದ ತಂಪು ಗಾಳಿ ನುಗ್ಗುತ್ತದೆ. ರಾತ್ರಿ ಇದು ತಿರುಗಿಬೀಳುತ್ತದೆ.

ಕಾಮ್‌ಶೇತ್ ಸಮುದ್ರದಿಂದ ನೇರ ಲೆಕ್ಕದಲ್ಲಿ ಸುಮಾರು 70 ಕಿ.ಮೀ. ಒಳಗಿದೆ. ಕಡಲಗಾಳಿ ಕೊಂಕಣದ ಬಯಲು ದಾಟಿ, ಘಟ್ಟದ ಗೋಡೆ ಏರಿ ಇಲ್ಲಿಗೆ ತಲುಪುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಚಳಿಗಾಲದ ಬೆಳಿಗ್ಗೆ ಗಾಳಿ ಬಹುತೇಕ ಪೂರ್ವದ ಕಡೆಯಿಂದ ಬರುತ್ತದೆ. ಫೆಬ್ರವರಿ ಕಳೆದು ಬಿಸಿಲು ಏರಿದಂತೆ ಪಶ್ಚಿಮದ ಗಾಳಿ ಬಲಗೊಳ್ಳುತ್ತದೆ. ಅಂದರೆ ಬೆಳಿಗ್ಗೆ ಒಂಬತ್ತು ಗಂಟೆಗೆ ಯೋಗ್ಯವಾದ ಗುಡ್ಡ ಸಂಜೆ ನಾಲ್ಕಕ್ಕೆ ಅಯೋಗ್ಯವಾಗಬಹುದು. ಕಾಮ್‌ಶೇತಿನ ಅನುಕೂಲವಿರುವುದು ಇಲ್ಲಿಯೇ. ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ ಗುಡ್ಡಗಳು ಕೆಲವೇ ಕಿಲೋಮೀಟರ್ ಅಂತರದಲ್ಲಿ ಇರುವುದರಿಂದ, ಗಾಳಿ ತಿರುಗಿದರೆ ಜೀಪಿನಲ್ಲಿ ಇನ್ನೊಂದು ಗುಡ್ಡಕ್ಕೆ ಹೋಗಬಹುದು. ಒಂದೇ ಗುಡ್ಡವನ್ನು ನಂಬಿ, ಬಂದ ಗಾಳಿಗೆಲ್ಲ ಅಲ್ಲಿಂದಲೇ ಹಾರಿಸುವ ಜಾಗದ ಬಗ್ಗೆ ಎಚ್ಚರವಿರಬೇಕು.

ಕಡಲಗಾಳಿ ಒಳನಾಡಿಗೆ ಬರುವಾಗ ಅದರ ಮುಂಚೂಣಿ ಕೆಲವೊಮ್ಮೆ ಏಕಾಏಕಿ ಬಿರುಸಾಗುತ್ತದೆ. ಮಟಮಟ ಮಧ್ಯಾಹ್ನ ಕಾದ ಬಂಡೆಗಳಿಂದ ಬಿಸಿಗಾಳಿಯ ಕಂಬಗಳು ಏಳುತ್ತವೆ. ಪಳಗಿದವರು ಇದನ್ನೇ ಏಣಿಯಾಗಿಸಿ ಮೇಲೇರಿದರೆ, ಹೊಸಬರಿಗೆ ಅದೇ ಗಂಡಾಂತರ. ಕಲಿಯುವವರಿಗೆ ಬೆಳಗಿನ ಮತ್ತು ಸಂಜೆಯ ಹೊತ್ತನ್ನು ಆರಿಸುವುದು ಈ ಕಾರಣಕ್ಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಗಾರಿನ ಗಾಳಿ, ಮೋಡ, ಮಳೆಯಿಂದಾಗಿ ಘಟ್ಟದಲ್ಲಿ ಹಾರಾಟ ನಿಲ್ಲುತ್ತದೆ. ಹಿಮಾಚಲ ಪ್ರದೇಶದಲ್ಲೂ ಪ್ರತಿವರ್ಷ ಜುಲೈ 15ರಿಂದ ಸೆಪ್ಟೆಂಬರ್ 15ರ ತನಕ ಪ್ಯಾರಾಗ್ಲೈಡಿಂಗ್ ನಿಷೇಧವಿರುತ್ತದೆ.

ಮೊದಲು ಇಳಿಯುವ ಜಾಗ

ಅನುಭವಿಗಳು ತಾಣ ಪರೀಕ್ಷಿಸುವಾಗ ಮೇಲೆ ಹತ್ತುವ ಮುನ್ನ ಕೆಳಗಿನ ಬಯಲನ್ನು ನೋಡುತ್ತಾರೆ. ಹಾರುವುದನ್ನು ಮುಂದೂಡಬಹುದು, ಇಳಿಯುವುದನ್ನು ಮುಂದೂಡಲಾಗದು. ಗಾಳಿಯಿಲ್ಲದಿದ್ದಾಗ ರೆಕ್ಕೆಯೊಂದು 100 ಮೀಟರ್ ಇಳಿಯುವಷ್ಟರಲ್ಲಿ ಸುಮಾರು 800 ಮೀಟರ್ ಮುಂದೆ ಸಾಗುತ್ತದೆ ಎಂದಿಟ್ಟುಕೊಳ್ಳೋಣ. ಎದುರಿನಿಂದ 20 ಕಿ.ಮೀ. ವೇಗದ ಗಾಳಿ ಬೀಸುತ್ತಿದ್ದರೆ ಅದೇ ಎತ್ತರದಿಂದ ಅದು ಸಾಗುವುದು ಹೆಚ್ಚುಕಡಿಮೆ ಅರ್ಧ, ಅಂದರೆ 400 ಮೀಟರ್ ಮಾತ್ರ. ಗಾಳಿ ಜೋರಾದ ದಿನವೂ ಸುಲಭವಾಗಿ ತಲುಪುವಷ್ಟು ಹತ್ತಿರದಲ್ಲಿ, ಮರ, ಬಂಡೆ, ವಿದ್ಯುತ್ ತಂತಿಗಳಿಲ್ಲದ ಬಯಲು ಬೇಕು. ತಂತಿಗಳು ಮೇಲಿನಿಂದ ಕಾಣುವುದೇ ಕಷ್ಟ; ಕಂಬಗಳನ್ನು ನೋಡಿ ತಂತಿಯನ್ನು ಊಹಿಸಬೇಕಾಗುತ್ತದೆ. ಅಣೆಕಟ್ಟಿನ ಹಿನ್ನೀರು ಫೋಟೋಕ್ಕೆ ಚೆಂದ, ಆದರೆ ದಾರ, ಬೆಲ್ಟು, ಬಟ್ಟೆ ಸಮೇತ ನೀರಿಗಿಳಿದವರ ಪಾಡು ಕಷ್ಟ.

ಊರಿನ ಕೊಡಚಾದ್ರಿಯಿಂದ ಏಕೆ ಹಾರಬಾರದು ಎಂದು ಕೇಳುವವರಿದ್ದಾರೆ. ಅದರ ಎತ್ತರ 1,343 ಮೀಟರ್, ಪಶ್ಚಿಮಕ್ಕೆ ಕಡಲಿನ ಕಡೆ ಕಡಿದಾದ ಇಳಿಜಾರು. ಆದರೆ ಕೆಳಗೆ ದಟ್ಟ ಕಾಡು, ಅದೂ ವನ್ಯಜೀವಿ ರಕ್ಷಿತ ಪ್ರದೇಶ. ಇಳಿಯಲು ಅಂಗೈಯಗಲ ಬಯಲಿಲ್ಲ. ಘಟ್ಟದ ಬಹುಪಾಲು ಶಿಖರಗಳು ಈ ಪರೀಕ್ಷೆಯಲ್ಲೇ ಹಿಂದೆ ಬೀಳುತ್ತವೆ. ಮಾವಳದಲ್ಲಿ ಗುಡ್ಡ ಸಣ್ಣದಾದರೂ ತಪ್ಪಲಿನಲ್ಲಿ ಗದ್ದೆ ಬಯಲಿದೆ.

ಗುಡ್ಡದ ಹಿಂಬದಿಯ ಸುಳಿ

ಹೊಳೆಯ ನೀರು ಬಂಡೆಗೆ ಬಡಿದಾಗ ಬಂಡೆಯ ಹಿಂದೆ ಸುಳಿ ಏಳುವಂತೆ, ಗಾಳಿ ಗುಡ್ಡ ದಾಟಿದಾಗ ಅದರ ಹಿಂಬದಿಯಲ್ಲಿ ಸುಳಿಗಾಳಿ ಏಳುತ್ತದೆ. ಇದು ಕಣ್ಣಿಗೆ ಕಾಣದು. ಗಾಳಿ ತುಂಬಿ ಆಕಾರ ಪಡೆದ ಬಟ್ಟೆಯ ರೆಕ್ಕೆ ಈ ಸುಳಿಗೆ ಸಿಕ್ಕರೆ ಮಡಚಿಕೊಳ್ಳಬಹುದು. ಆದ್ದರಿಂದ ಹಾರುವ ಗುಡ್ಡದ ಎದುರು, ಗಾಳಿ ಬರುವ ದಿಕ್ಕಿನಲ್ಲಿ, ಮತ್ತೊಂದು ಎತ್ತರದ ಗುಡ್ಡ ಅಡ್ಡ ಇರಬಾರದು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ಗಾಳಿ ಇಕ್ಕಟ್ಟಾಗಿ ವೇಗ ಪಡೆಯುವುದರಿಂದ ಅದೂ ಸಲ್ಲದು. ತಪ್ಪಲಿನಲ್ಲಿ ಹಿತವಾಗಿ ಬೀಸುವ ಗಾಳಿ ಗುಡ್ಡದ ನೆತ್ತಿಯಲ್ಲಿ ಹೆಚ್ಚು ಬಿರುಸಾಗಿರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಸಹ್ಯಾದ್ರಿಯ ಪಶ್ಚಿಮದ ಅಂಚು ಕಪ್ಪು ಬಂಡೆಯ ನೇರ ಗೋಡೆ. ನೋಡಲು ಭವ್ಯವಾದರೂ ಇಂಥ ಕಡಿದಾದ ಅಂಚು ಹೊಸಬರಿಗೆ ಹೇಳಿದ್ದಲ್ಲ. ಓಡುವಾಗ ರೆಕ್ಕೆ ಸರಿಯಾಗಿ ಏಳದಿದ್ದರೆ ನಿಂತು ಬಿಡಲು ಅವಕಾಶವಿರಬೇಕು. ಮೆಲ್ಲನೆ ಶುರುವಾಗಿ ಆಮೇಲೆ ಕಡಿದಾಗುವ ಹುಲ್ಲಿನ ಇಳಿಜಾರು ಉತ್ತಮ. ಹತ್ತು ಹದಿನೈದು ಮೀಟರ್ ಅಗಲದ ರೆಕ್ಕೆ ಹರಡಲು ಜಾಗ ಬೇಕು. ಅದರ ತೆಳು ದಾರಗಳು ಸಿಕ್ಕಿಕೊಳ್ಳುವಂಥ ಮುಳ್ಳುಕಂಟಿ, ಚೂಪುಗಲ್ಲು ಇರಬಾರದು.

ಊರವರ ಒಪ್ಪಿಗೆಯೂ ಬೇಕು

ಗಾಳಿ, ನೆಲ ಎರಡೂ ಒಪ್ಪಿದರೂ ಊರವರು ಒಪ್ಪದೆ ತಾಣ ಉಳಿಯದು. ಮಾವಳ ಸೀಮೆ ಇಂದ್ರಾಯಣಿ ಅಕ್ಕಿಗೆ ಹೆಸರಾದದ್ದು. ಹಾರಾಟ ಆರಂಭವಾಗುವ ಅಕ್ಟೋಬರಿನಲ್ಲಿ ಗದ್ದೆಯಲ್ಲಿ ಪೈರು ನಿಂತಿರುತ್ತದೆ. ಬೆಳೆದು ನಿಂತ ಭತ್ತದ ಮೇಲೆ ಯಾರಾದರೂ ಇಳಿದರೆ ರೈತನಿಗೆ ನಷ್ಟ, ನೋಡಲು ನುಗ್ಗುವ ಜನರಿಂದ ಇನ್ನಷ್ಟು ನಷ್ಟ. ಜಾಗದ ಒಡೆಯರೊಂದಿಗೆ ಮಾತಾಡಿ, ಇಳಿಯಲು ಹೊಲ ಗೊತ್ತುಮಾಡಿ, ಕೊಯ್ಲಿನ ತನಕ ಬದುವಿನಾಚೆ ಕಾಲಿಡದ ಶಿಸ್ತು ಇರುವಲ್ಲಿ ಮಾತ್ರ ತಾಣ ವರ್ಷಗಳ ಕಾಲ ಬಾಳುತ್ತದೆ. ಇದಲ್ಲದೆ ವಿಮಾನ ನಿಲ್ದಾಣ, ಸೇನೆಯ ವಾಯುನೆಲೆಗಳ ಆಸುಪಾಸಿನ ಆಕಾಶ ಎಲ್ಲರಿಗೂ ತೆರೆದಿರುವುದಿಲ್ಲ. ಪುಣೆಯ ಲೋಹಗಾಂವ್ ವಾಯುಪಡೆಯ ನೆಲೆಯೂ ಹೌದು.

ಸಂಘಗಳು ವಿಚಾರಿಸಬೇಕಾದ್ದು

ಸಾಹಸ ಪ್ರವಾಸೋದ್ಯಮಕ್ಕೆ 2018ರಲ್ಲಿ ರಾಷ್ಟ್ರ ಮಟ್ಟದ ಮಾರ್ಗಸೂಚಿ ಪ್ರಕಟವಾಗಿದೆ. ಮಹಾರಾಷ್ಟ್ರ ಸರಕಾರ 2021ರಲ್ಲಿ ತನ್ನದೇ ನೀತಿ ಜಾರಿಗೊಳಿಸಿ, ಇಂಥ ಚಟುವಟಿಕೆ ನಡೆಸುವವರು ನೋಂದಣಿ ಮಾಡಿಸಿಕೊಳ್ಳಬೇಕೆಂದು ವಿಧಿಸಿದೆ. ಮುಂಗಡ ಹಣ ಕಟ್ಟುವ ಮೊದಲು ನೋಂದಣಿ ಪತ್ರ, ಜೋಡಿ ಹಾರಾಟ ನಡೆಸುವ ಪೈಲಟ್‌ನ ಅರ್ಹತಾ ಪತ್ರ ಮತ್ತು ವಿಮೆಯ ದಾಖಲೆ ಕೇಳುವುದರಲ್ಲಿ ಸಂಕೋಚ ಬೇಡ. ಸಾಮಾನ್ಯ ವಿಮಾ ಪಾಲಿಸಿಗಳಲ್ಲಿ ಹಲವು ಸಾಹಸ ಕ್ರೀಡೆಯ ಅವಘಡಕ್ಕೆ ಪರಿಹಾರ ನೀಡುವುದಿಲ್ಲ ಎಂಬುದನ್ನು ಸದಸ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಹೆಲ್ಮೆಟ್, ತುರ್ತು ಪ್ಯಾರಾಶೂಟ್ ಇರಲೇಬೇಕು. ಹಾರುವಲ್ಲೂ ಇಳಿಯುವಲ್ಲೂ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಕಟ್ಟಿದೆಯೇ, ಎರಡೂ ಕಡೆ ಜನರಿದ್ದು ವಾಕಿಟಾಕಿಯಲ್ಲಿ ಮಾತಾಡುತ್ತಾರೆಯೇ, ಹತ್ತಿರದ ಆಸ್ಪತ್ರೆಗೆ ಸಾಗಿಸಲು ವಾಹನ ಸಿದ್ಧವಿದೆಯೇ ಎಂಬುದನ್ನು ಯಾರು ಬೇಕಾದರೂ ಕಣ್ಣಾರೆ ನೋಡಿ ತಿಳಿಯಬಹುದು.

ಇನ್ನೊಂದು ಪ್ರಶ್ನೆ ಇವೆಲ್ಲಕ್ಕಿಂತ ಮುಖ್ಯ: "ಗಾಳಿ ಸರಿಯಿಲ್ಲದಿದ್ದರೆ ಏನು ಮಾಡುತ್ತೀರಿ?" ಹಾರಾಟ ರದ್ದು ಮಾಡಿ ಹಣ ಮರಳಿಸುತ್ತೇವೆ ಅಥವಾ ಇನ್ನೊಂದು ದಿನ ಕೊಡುತ್ತೇವೆ ಎಂಬ ಉತ್ತರ ಬಂದರೆ ಸಮಾಧಾನ. ಏನೇ ಆಗಲಿ ಹಾರಿಸುತ್ತೇವೆ ಎಂಬ ಭರವಸೆ ಬಂದರೆ ಆ ಜಾಗದಿಂದ ದೂರವಿರುವುದೇ ಲೇಸು.

ಹಾಗೆಯೇ ಹೊಣೆ ಸಂಘಟಕರ ಮೇಲೂ ಇದೆ. ಬಸ್ಸು ಗೊತ್ತುಮಾಡಿ, ಐವತ್ತು ಮಂದಿಯನ್ನು ಕರೆತಂದು, ಸಂಜೆ ಆರಕ್ಕೆ ಮರಳಲೇಬೇಕೆಂಬ ಅವಸರ ಇರುವಾಗ "ಇಷ್ಟು ದೂರ ಬಂದಿದ್ದೇವೆ, ನಾಲ್ಕು ಜನರನ್ನಾದರೂ ಹಾರಿಸಿ" ಎಂಬ ಒತ್ತಾಯ ಶುರುವಾಗುತ್ತದೆ. ಗುಡ್ಡದ ಮೇಲೆ ಪೈಲಟ್ ಬೇಡವೆಂದಾಗ ಬೇಡವೆಂದೇ ಅರ್ಥ. ಹಾರಾಟವಿಲ್ಲದಿದ್ದರೂ ದಿನ ಹಾಳಾಗದಂತೆ ಕಾರ್ಯಕ್ರಮ ರೂಪಿಸಬೇಕು. ಕಾರ್ಲಾ, ಭಾಜಾ ಗುಹೆಗಳು ಹತ್ತಿರದಲ್ಲೇ ಇವೆ. ಹಿರಿಯರಿಗೆ, ಮಕ್ಕಳಿಗೆ ಅಂತ್ಯಾಕ್ಷರಿ, ಆಟೋಟ, ಊಟದ ವ್ಯವಸ್ಥೆ ಹೇಗೂ ಇರುತ್ತದೆ. ಹಾರಾಟ ಗಾಳಿ ಒಪ್ಪಿದರೆ ಸಿಗುವ ಹೆಚ್ಚುವರಿ ಸಂತೋಷವಾಗಿರಲಿ.

ಒಳ್ಳೆಯ ತಾಣವೆಂದರೆ ಹಾರಲು ಸುಲಭವಾದದ್ದು ಮಾತ್ರವಲ್ಲ, ಹಾರದೆ ಮರಳಲೂ ಸುಲಭವಾದದ್ದು. ಗಾಳಿ ಕೆಟ್ಟ ದಿನ ನೆಲದ ಮೇಲೇ ಉಳಿದವರು ಮತ್ತೊಂದು ಭಾನುವಾರ ಬಂದು ಹಾರಬಹುದು.