ಬೀರುವಿನ ಬೀಗವೂ ಮನಸ್ಸಿನ ಮೂರ್ಛೆಯೂ

ಮನೆಮಂದಿಯೆಲ್ಲ ಮದುವೆಗೋ ಯಾತ್ರೆಗೋ ಹೋಗಿ ಹಿಂದಿರುಗಿದಾಗ ಹಿತ್ತಿಲ ಬಾಗಿಲು ತೆರೆದಿರುತ್ತದೆ. ಬೀರುವಿನ ಬೀಗ ಮುರಿದಿರುತ್ತದೆ. ಒಡವೆ, ನಗದುಗಳೊಂದಿಗೆ ತಾತನ ಕಾಲದ ನಾಣ್ಯಗಳ ಡಬ್ಬಿಯೂ ಕಾಣೆಯಾಗಿರುತ್ತದೆ. ಒಡವೆಯ ತೂಕವನ್ನಾದರೂ ದೂರಿನಲ್ಲಿ ಬರೆಸಬಹುದು. ಡಬ್ಬಿಯಲ್ಲಿ ಏನೇನಿತ್ತು ಎಂದು ಠಾಣೆಯಲ್ಲಿ ಕೇಳಿದಾಗ ಮನೆಯ ಯಜಮಾನನ ಬಾಯಿಂದ ಬರುವುದು ಒಂದೇ ಮಾತು: ‘ಹಳೆಯ ನಾಣ್ಯಗಳು, ಇನ್ನೂರರ ಹತ್ತಿರ ಇದ್ದಿರಬಹುದು.’ ಎರಡು ತಲೆಮಾರು ಕೂಡಿಟ್ಟದ್ದು ದೂರಿನ ಅರ್ಧ ಸಾಲಿನಲ್ಲಿ ಮುಗಿದುಹೋಗುತ್ತದೆ.

ನಾಣ್ಯದ ಕಳವು ಬೇರೆ ಕಳವಿನಂತಲ್ಲ. ಒಂದು ಬದಿಯಲ್ಲಿ ಆನೆಯನ್ನು ಹೊತ್ತ ಗಂಗರ ಕಾಲದ ಹೊನ್ನಿಗೆ ಚಿನ್ನದ ಬೆಲೆಗಿಂತ ಮಿಗಿಲಾದ ಬೆಲೆಯಿರುವುದು ಅದರ ಮೇಲಿನ ಅಚ್ಚಿನಿಂದ. ಕರಗಿಸಿದರೆ ಉಳಿಯುವುದು ಲೋಹ ಮಾತ್ರ. 2022ರ ನವೆಂಬರಿನಲ್ಲಿ ಜರ್ಮನಿಯ ಬವೇರಿಯಾ ಪ್ರಾಂತ್ಯದ ಮ್ಯಾನ್ಚಿಂಗ್ ಎಂಬ ಊರಿನ ವಸ್ತುಸಂಗ್ರಹಾಲಯದಿಂದ ಎರಡು ಸಾವಿರ ವರ್ಷಗಳಷ್ಟು ಹಳೆಯದಾದ 483 ಚಿನ್ನದ ನಾಣ್ಯಗಳು ಕಳುವಾದವು. ದೂರವಾಣಿ ತಂತಿಗಳನ್ನು ಮೊದಲೇ ಕತ್ತರಿಸಿದ್ದರಿಂದ ಎಚ್ಚರಿಕೆಯ ಕರೆ ಹೋಗಲೇ ಇಲ್ಲ; ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿದಿತ್ತು. ಮರುವರ್ಷ ಶಂಕಿತರು ಸಿಕ್ಕಿಬಿದ್ದಾಗ ದೊರೆತದ್ದು ಚಿನ್ನದ ಕೆಲವು ಗಟ್ಟಿಗಳು. ಅಷ್ಟು ಕಾವಲಿದ್ದ ಕಟ್ಟಡದ ಗತಿಯೇ ಹೀಗಾದರೆ ಮನೆಯ ಬೀರುವಿನ ಮಾತೇನು?

ಜೈನಾಚಾರ್ಯರು ಅಚೌರ್ಯ ಅಣುವ್ರತವನ್ನು ಹೇಳುವಾಗ ಕಳ್ಳನೊಬ್ಬನನ್ನೇ ಎದುರಿಗಿಟ್ಟುಕೊಂಡು ಹೇಳಲಿಲ್ಲ. ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ. ಕಳವಿಗೆ ಪ್ರೇರಿಸುವುದು ಸ್ತೇನಪ್ರಯೋಗ. ಕದ್ದು ತಂದದ್ದನ್ನು ಕೊಳ್ಳುವುದು ತದಾಹೃತಾದಾನ. ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ನಕಲಿಯನ್ನು ಅಸಲಿಯೆಂದು ಮಾರುವುದು ಉಳಿದ ಮೂರು. ನಾಣ್ಯಗಳ ಮಾರುಕಟ್ಟೆಯಲ್ಲಿ ಒಮ್ಮೆ ಸುತ್ತಿ ಬಂದವರಿಗೆ ಈ ಐದೂ ಪರಿಚಿತವೇ. ಅಗ್ಗಕ್ಕೆ ಸಿಕ್ಕಿತೆಂದು ಮೂಲವನ್ನು ವಿಚಾರಿಸದೆ ಕೊಂಡ ನಾಣ್ಯ ಇನ್ನೊಬ್ಬರ ಮುರಿದ ಬೀರುವಿನಿಂದ ಬಂದದ್ದಾಗಿರಬಹುದು. ಕದ್ದ ಮಾಲೆಂದು ತಿಳಿದೂ ಪಡೆದವನಿಗೆ ಇಂದಿನ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮು ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಶ್ರಾವಕನಾದವನು ಕಾನೂನಿಗೆ ಕಾಯಬೇಕಾಗಿಲ್ಲ. ‘ಇದು ಯಾರದು, ಎಲ್ಲಿಂದ ಬಂತು’ ಎಂದು ಕೇಳದಿರುವುದರಲ್ಲಿಯೇ ಅವನ ವ್ರತ ಮಲಿನವಾಗುತ್ತದೆ.

ಇನ್ನು ಕಳೆದುಕೊಂಡವನ ಮಾತು. ಇಲ್ಲಿ ಶಾಸ್ತ್ರ ಹೇಳುವುದು ಮೊದಲ ಓದಿಗೆ ಕಠಿಣವೆನಿಸುತ್ತದೆ. ರೌದ್ರಧ್ಯಾನಕ್ಕೆ ಕಾರಣಗಳು ನಾಲ್ಕು: ಹಿಂಸೆ, ಸುಳ್ಳು, ಕಳವು ಮತ್ತು ವಿಷಯಸಂರಕ್ಷಣೆ, ಅಂದರೆ ತನ್ನ ಭೋಗವಸ್ತುಗಳನ್ನು ಕಾಯುವ ಚಿಂತೆ. ಕದಿಯುವವನ ಮನಸ್ಸೂ ಕಾಯುವವನ ಮನಸ್ಸೂ ಒಂದೇ ಸಾಲಿನಲ್ಲಿ ಬಂದಿವೆ! ಹಾಗಾದರೆ ಗೃಹಸ್ಥನು ಬಾಗಿಲಿಗೆ ಅಗುಳಿ ಹಾಕುವುದೇ ಪಾಪವೇ? ಪೂಜ್ಯಪಾದರ ಸರ್ವಾರ್ಥಸಿದ್ಧಿಯು ಈ ಸಂದೇಹವನ್ನು ಮೊದಲೇ ಊಹಿಸಿದಂತಿದೆ. ವ್ರತಧಾರಿಯಾದ ಶ್ರಾವಕನೂ ಧನಾದಿಗಳ ರಕ್ಷಣೆಗೆ ಕಟ್ಟುಬಿದ್ದವನಾದ್ದರಿಂದ ಅವನಲ್ಲಿ ಈ ಧ್ಯಾನ ಒಮ್ಮೊಮ್ಮೆ ತಲೆದೋರಬಹುದು. ಆದರೆ ಸಮ್ಯಗ್ದರ್ಶನದ ಬಲವಿದ್ದರೆ ಅದು ನರಕಕ್ಕೆ ಕಾರಣವಾಗದು ಎಂಬುದು ಅಲ್ಲಿನ ಸಮಾಧಾನ. ಗೃಹಸ್ಥನ ಇಕ್ಕಟ್ಟನ್ನು ಬಲ್ಲವರ ಮಾತಿದು. ದೋಷವಿರುವುದು ಬೀಗದಲ್ಲಲ್ಲ, ಬೀಗ ಹಾಕಿದ ಮೇಲೂ ಮಲಗಲು ಬಿಡದ ಮೂರ್ಛೆಯಲ್ಲಿ. ಕಳುವಾದ ಮೇಲೆ ವರ್ಷಗಟ್ಟಲೆ ಅದನ್ನೇ ನೆನೆದು ಕೊರಗುವುದಕ್ಕೂ ಶಾಸ್ತ್ರದಲ್ಲಿ ಹೆಸರಿದೆ: ಇಷ್ಟವಿಯೋಗದಿಂದ ಹುಟ್ಟುವ ಆರ್ತಧ್ಯಾನ. ತಂದೆಯ ನೆನಪನ್ನು ಹೊತ್ತ ನಾಣ್ಯ ಹೋದಾಗ ದುಃಖವಾಗಬಾರದೆಂದು ಯಾರೂ ಹೇಳಲಾರರು. ಮನೆಗೆಲಸದಾಕೆಯ ಮೇಲೆ, ಪಕ್ಕದ ಮನೆಯ ಹುಡುಗನ ಮೇಲೆ ಆಧಾರವಿಲ್ಲದೆ ಸಂಶಯ ಹರಿದಾಗ ಮಾತ್ರ ಆ ದುಃಖ ಬೇರೆ ರೂಪ ತಾಳುತ್ತದೆ. ಎಷ್ಟೋ ಮನೆಗಳಲ್ಲಿ ಕಳ್ಳನು ಒಯ್ದ ಸಂಪತ್ತಿಗಿಂತ ದೊಡ್ಡ ನಷ್ಟ ಆಗುವುದು ಈ ಹಂತದಲ್ಲಿ.

ಮನೆಗೆ ಕಳ್ಳ ಬಂದ ಕಥೆಗಳಲ್ಲಿ ಜೈನರಿಗೆ ಅತ್ಯಂತ ಪ್ರಿಯವಾದದ್ದು ಜಂಬೂಸ್ವಾಮಿಯ ಮನೆಯದು. ರಾಜಗೃಹದ ಶ್ರೇಷ್ಠಿ ಅರ್ಹದ್ದಾಸನ ಮಗ ಜಂಬೂಕುಮಾರ ದೀಕ್ಷೆಗೆ ಮನಸ್ಸು ಮಾಡಿದ್ದವನು. ಹಿರಿಯರು ಮದುವೆ ಮಾಡಿಸಿದರು. ಆ ರಾತ್ರಿ ಭಂಡಾರಕ್ಕೆ ಕನ್ನವಿಡಲು ವಿದ್ಯುಚ್ಚೋರ ಬಂದ. ಮನೆಯಲ್ಲಿ ಎಚ್ಚರವಾಗಿದ್ದವಳು ತಾಯಿ ಜಿನದಾಸಿ. ಅವಳ ಕಾವಲು ಹೊನ್ನಿಗಲ್ಲ, ಬೆಳಗಾದರೆ ಹೊರಟುಹೋಗಲಿರುವ ಮಗನಿಗೆ. ಕಳ್ಳನಿಗೆ ಅವಳು ಹೇಳಿದ್ದಿಷ್ಟೆ: ನನ್ನ ಮಗನ ಮನಸ್ಸನ್ನು ತಿರುಗಿಸಬಲ್ಲೆಯಾದರೆ ಬೇಕಾದಷ್ಟು ಸಂಪತ್ತನ್ನು ನೀನೇ ಕೊಂಡೊಯ್ಯಿ. ಒಬ್ಬನು ತೊರೆದು ಹೋಗಲಿರುವುದನ್ನು ತಾನು ಕದಿಯಲು ಬಂದೆನಲ್ಲಾ ಎಂದು ವಿದ್ಯುಚ್ಚೋರನಿಗೆ ನಾಚಿಕೆಯಾಯಿತು. ಜಂಬೂಕುಮಾರನೊಡನೆ ವಾದಿಸಿ ಸೋತ ಅವನು ಕೊನೆಗೆ ಅವನೊಂದಿಗೇ ದೀಕ್ಷೆ ಪಡೆದ. ಶ್ವೇತಾಂಬರ ಪರಂಪರೆಯಲ್ಲಿ ಆ ಕಳ್ಳನ ಹೆಸರು ಪ್ರಭವ; ಜಂಬೂಸ್ವಾಮಿಯ ತರುವಾಯ ಸಂಘವನ್ನು ನಡೆಸಿದ ಆಚಾರ್ಯನೂ ಆತನೇ.

ಎಲ್ಲರೂ ಜಂಬೂಕುಮಾರರಾಗಲಾರರು. ಮನೆಯಲ್ಲಿ ಉಳಿಯುವ ಶ್ರಾವಕನಿಗೆಂದೇ ಪರಿಗ್ರಹ ಪರಿಮಾಣ ವ್ರತವಿದೆ. ಅದರಲ್ಲಿ ಹೊಲ, ಮನೆ, ಧಾನ್ಯಗಳ ಜೊತೆಗೆ ‘ಹಿರಣ್ಯ’ವೂ ಸೇರಿದೆ, ಬೆಳ್ಳಿಯೇ ಮೊದಲಾದ ವ್ಯವಹಾರದ ನಾಣ್ಯವೆಂದು ಅದಕ್ಕೆ ವ್ಯಾಖ್ಯಾನ. ಪರಿಮಾಣ ಮಾಡಬೇಕಾದರೆ ಮೊದಲು ಎಣಿಸಬೇಕು. ನಾಣ್ಯಸಂಗ್ರಾಹಕರಿಗೆ ಪೊಲೀಸರು ನೀಡುವ ಮೊದಲ ಸಲಹೆಯೂ ಎಣಿಸಿ ಬರೆದಿಡಿ ಎಂಬುದೇ. ಪ್ರತಿ ನಾಣ್ಯದ ಎರಡೂ ಮುಖಗಳ ಚಿತ್ರ, ಗ್ರಾಮಿನಲ್ಲಿ ತೂಕ, ಅಗಲ, ಕೊಂಡ ರಸೀದಿ ಒಂದೆಡೆ ಇರಬೇಕು. ಪಟ್ಟಿಯ ಇನ್ನೊಂದು ಪ್ರತಿ ಮನೆಯ ಹೊರಗೆ, ನಂಬಿಗಸ್ತರ ಬಳಿ ಇರಬೇಕು. ಬೆಲೆಬಾಳುವವನ್ನು ಬ್ಯಾಂಕಿನ ಲಾಕರಿನಲ್ಲಿ ಇಡಬಹುದಾದರೂ 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಳವಾದಲ್ಲಿ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿನಷ್ಟು ಮಾತ್ರ. ಬಾಡಿಗೆ 3,000 ರೂಪಾಯಿಯಾದರೆ ಆ ಮೊತ್ತ 3 ಲಕ್ಷ. ಸಂಗ್ರಹದ ಚಿತ್ರಗಳನ್ನು ಮೊಬೈಲಿನಲ್ಲಿ ಊರಿಗೆಲ್ಲ ಹಂಚಿ, ಯಾತ್ರೆಗೆ ಹೊರಟ ದಿನವನ್ನೂ ಅಲ್ಲಿಯೇ ಸಾರುವುದು ಕಳ್ಳನನ್ನು ಕರೆದಂತೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಂತೆ ಪುರಾವಸ್ತು; ಅನುಮತಿಯಿಲ್ಲದೆ ದೇಶದ ಹೊರಗೆ ಒಯ್ಯುವಂತಿಲ್ಲ.

ಎಣಿಸಲು ಕುಳಿತಾಗ ಒಂದೇ ಬಗೆಯವು ಹತ್ತಾರು ಹೊರಬರುತ್ತವೆ. ಇನ್ನು ಮುಂದೆ ಇಷ್ಟೇ ಸಾಕು ಎಂದು ಪಟ್ಟಿಯ ಕೆಳಗೆ ಗೆರೆ ಎಳೆಯಲು ಅದೇ ತಕ್ಕ ಹೊತ್ತು. ಪ್ರತಿ ಸಾಲಿನ ಕೊನೆಯಲ್ಲಿ, ಆ ನಾಣ್ಯ ಮುಂದೆ ಯಾರಿಗೆ ಸೇರಬೇಕು ಎಂದು ಬರೆಯಲು ಜಾಗ ಬಿಟ್ಟುಕೊಳ್ಳಬಹುದು: ಒಂದರ ಮುಂದೆ ಮೊಮ್ಮಗಳ ಹೆಸರು, ಇನ್ನೊಂದರ ಮುಂದೆ ಊರಿನ ಶಾಲೆ, ಆನೆಯ ಹೊನ್ನಿನ ಮುಂದೆ ವಸ್ತುಸಂಗ್ರಹಾಲಯ.